ಐಲಾ ದ್ವೀಪಕ್ಕೆ ಹೊರಟ ಅಳಿಯನಿಗೆ

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಗ್ಲಾಸ್ಗೋದ ಗೆಳೆಯರು ಲಫ್ರೋಯ್ಗ್ ವಿಸ್ಕಿ ಕುಡಿಸಿದರು, ಟಿಂಚರ್ ವಾಸನೆ ತಡೆಯಲಾರದೆ ಅರ್ಧಕ್ಕೇ ಬಿಟ್ಟೆ ಅಂತ ಬರೆದಿದ್ದೀಯ. ಅವರ ಜೊತೆಗೇ ಈಗ ಆ ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಐಲಾ ದ್ವೀಪಕ್ಕೆ ಹೊರಟಿದ್ದೀಯಂತೆ. ಹೋಗುವ ಮುಂಚೆ ಇದನ್ನು ಓದಿಕೋ. ನಿನ್ನ ಮೂಗು ಸುಳ್ಳು ಹೇಳಿಲ್ಲ, ಆ ವಾಸನೆ ಅದರಲ್ಲಿ ಇದ್ದೇ ಇದೆ. ನೀನು ಅಷ್ಟಕ್ಕೇ ನಿಲ್ಲಿಸಿಬಿಟ್ಟೆ ಅನ್ನುವುದೇ ನನ್ನ ಬೇಸರ.

ಐಲಾದಲ್ಲಿ ಮರ ಕಡಿಮೆ, ಜೌಗು ನೆಲ ಹೆಚ್ಚು. ಅಲ್ಲಿ ಪಾಚಿ, ಹುಲ್ಲು, ಹೆದರ್ ಗಿಡ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಒತ್ತಿಕೊಂಡು ಪೀಟ್ ಆಗುತ್ತದೆ. ವರ್ಷಕ್ಕೆ ಬೆಳೆಯುವುದು ಸುಮಾರು 1 ಮಿಲಿಮೀಟರ್. ಅದನ್ನು ಕೊಯ್ದು ಒಣಗಿಸಿ, ಉರಿಸಿ, ವಿಸ್ಕಿಗೆಂದು ಮೊಳಕೆ ಬರಿಸಿದ ಬಾರ್ಲಿಗೆ, ಅಂದರೆ ಮಾಲ್ಟ್‌ಗೆ, ಹೊಗೆ ಕೊಡುತ್ತಾರೆ. ಕಾಳು ಇನ್ನೂ ಒದ್ದೆ ಇರುವಾಗಲೇ ಹೊಗೆಯಲ್ಲಿರುವ ಫೀನಾಲ್ ಅನ್ನುವ ವಾಸನೆಯ ಅಂಶಗಳು ಸಿಪ್ಪೆಗೆ ಹಿಡಿಯುತ್ತವೆ. ನಿನ್ನನ್ನು ಓಡಿಸಿದ್ದು ಅವೇ.

ಗೆಳೆಯರು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಲೆಕ್ಕ ಹೇಳಿದರೆ ಮರುಳಾಗಬೇಡ. ಅದು ಮಾಲ್ಟ್‌ನಲ್ಲಿ ಅಳೆದ ಫೀನಾಲ್, ಬಾಟಲಿಯಲ್ಲಿ ಇರುವುದಲ್ಲ. ಭಟ್ಟಿ ಇಳಿಸುವಾಗ ಬಹಳಷ್ಟು ಹೋಗುತ್ತದೆ. ಐಲಾದವೇ ಆದ ಲಗವೂಲಿನ್, ಕಲ್ ಈಲಾ ವಿಸ್ಕಿಗಳೆರಡಕ್ಕೂ ಬಳಸುವ ಮಾಲ್ಟ್ ಸುಮಾರು 35 ಪಿಪಿಎಂನದ್ದೇ. ಆದರೂ ಲಗವೂಲಿನ್ ಗಟ್ಟಿ, ಕಲ್ ಈಲಾ ಹಗುರ. ಸಾಧ್ಯವಾದರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡು.

ಕುಡಿಯುವ ಕ್ರಮ ಹೇಳುತ್ತೇನೆ. ಊಟ ಆಗಿರಲಿ. ಬಾಯಿ ಕಿರಿದಾದ ಲೋಟದಲ್ಲಿ 25 ಮಿಲಿ ಸಾಕು, ಐಸ್ ಬೇಡವೇ ಬೇಡ. ತಣ್ಣಗಾದರೆ ಪರಿಮಳ ಮುಚ್ಚಿಹೋಗುತ್ತದೆ. ಹತ್ತು ನಿಮಿಷ ಹಾಗೇ ಬಿಡು. ಆಮೇಲೆ ಲೋಟದೊಳಕ್ಕೆ ಮೂಗು ತುರುಕದೆ, ಬಾಯಿ ತುಸು ತೆರೆದು ಮೆಲ್ಲಗೆ ಮೂಸು. ಊರಮನೆಯ ಬಚ್ಚಲೊಲೆಗೆ ಹಸಿ ಸೌದೆ ಇಟ್ಟರೆ ಮೊದಲು ಕಣ್ಣುರಿಯಷ್ಟೇ, ಸ್ವಲ್ಪ ಹೊತ್ತು ಕೂತರೆ ಯಾವ ಮರದ ಸೌದೆಯೆಂದು ತಿಳಿಯುತ್ತಿತ್ತಲ್ಲ, ಹಾಗೆ ಇದೂ. ಹೊಗೆಗೆ ಮೂಗು ಒಗ್ಗಿದ ಮೇಲೆ ಬಾರ್ಲಿಯ ಸಿಹಿ, ಉಪ್ಪುಗಾಳಿ, ಬರ್ಬನ್ ಅನ್ನುವ ಅಮೆರಿಕದ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಯಿಂದ ಬಂದ ವೆನಿಲಾ ಒಂದೊಂದಾಗಿ ಸಿಗುತ್ತವೆ. ಮೊದಲ ಗುಟುಕು ನಾಲಿಗೆಯನ್ನು ಪಳಗಿಸುವುದಕ್ಕೆ, ಅದರ ಮೇಲೆ ತೀರ್ಪು ಕೊಡಬೇಡ. ಎರಡನೆಯದನ್ನು ಬಾಯಲ್ಲಿ ಆಡಿಸಿ ನುಂಗಿ, ಮೂಗಿನಿಂದ ಉಸಿರು ಬಿಡು. ಬಳಿಕ ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸು. ನೀರು ಬೆರೆತರೆ ಗ್ವಾಯಕಾಲ್ ಅನ್ನುವ ಹೊಗೆವಾಸನೆಯ ಅಂಶ ಮೇಲ್ಮೈಗೆ ಬರುತ್ತದೆಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಾಗಿ ನೀರು ಹಾಕಿದರೆ ಮರ್ಯಾದೆ ಹೋಗುತ್ತದೆ ಅನ್ನುವವರ ಮಾತಿಗೆ ಕಿವಿಗೊಡಬೇಡ.

ಮೊದಲೇ ಅಭ್ಯಾಸ ಮಾಡಬೇಕೆನಿಸಿದರೆ ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ ವಿಸ್ಕಿ ಅಲ್ಲೂ ಸಿಗುತ್ತದೆ. ನಮ್ಮ ದೇಶದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿಯನ್ನೂ ಸೇರಿಸಿ ಮಾಡಿದ್ದು, ಹೊಗೆ ಮೃದು. ನಿನ್ನಂಥವನಿಗೆ ಅದೇ ಒಳ್ಳೆಯ ಮೊದಲ ಮೆಟ್ಟಿಲು.

ಐಲಾದ ಪೋರ್ಟ್ ಎಲೆನ್ ಊರಿನಿಂದ ಒಂದೇ ದಾರಿಯಲ್ಲಿ ಲಫ್ರೋಯ್ಗ್, ಲಗವೂಲಿನ್, ಆರ್ಡ್‌ಬೆಗ್ ಭಟ್ಟಿಗಳು ಸಾಲಾಗಿ ಸಿಗುತ್ತವೆ, ಕಾಲುದಾರಿಯೂ ಇದೆ; ನಡೆದೇ ಹೋಗಿ. ಲಫ್ರೋಯ್ಗ್‌ನಲ್ಲಿ ಇಂದಿಗೂ ಒಂದು ಪಾಲು ಬಾರ್ಲಿಯನ್ನು ನೆಲದ ಮೇಲೆ ಹರಡಿ ಮೊಳಕೆ ಬರಿಸುತ್ತಾರೆ, ತಪ್ಪದೆ ನೋಡು. ಕಾರು ಓಡಿಸುವ ಸರದಿ ನಿನ್ನದಾದರೆ ಒಂದು ಹನಿಯನ್ನೂ ಮುಟ್ಟಬೇಡ, ಸ್ಕಾಟ್ಲೆಂಡಿನ ಕಾನೂನು 2014ರಿಂದ ಇಂಗ್ಲೆಂಡಿನದಕ್ಕಿಂತ ಬಿಗಿ. ಕೇಳಿದರೆ ನಿನ್ನ ಪಾಲನ್ನು ಪುಟ್ಟ ಶೀಶೆಯಲ್ಲಿ ಹಾಕಿಕೊಡುತ್ತಾರೆ, ರಾತ್ರಿ ರೂಮಿನಲ್ಲಿ ಕೂತು ನಿಧಾನವಾಗಿ ನೋಡು. ಎರಡನೆಯ ಗುಟುಕಿನಲ್ಲಿ ಏನು ಸಿಕ್ಕಿತೆಂದು ಬರಿ.

ಇತಿ,
ನಿನ್ನ ಮಾವ