ಧಾರವಾಡಕ್ಕೆ ಬಂದರೆ ಸಣ್ಣವಳಾಗ್ತೀಯಾ?

ಮಾಳಮಡ್ಡಿ, ಧಾರವಾಡ

ಚಿ. ವಿದ್ಯಾಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮೊಬೈಲಿನಲ್ಲಿ ಮೆಸೇಜು ಹಾಕದೆ ಎರಡು ಹಾಳೆ ತುಂಬ ಕೈಯಿಂದ ಬರೆದು ಅಂಚೆಗೆ ಹಾಕಿದ್ದೀಯ ಅಂದಾಗಲೇ ಇದು ಸುಮ್ನೆ ಕ್ಷೇಮ ಸಮಾಚಾರ ಅಲ್ಲ ಅಂತ ಗೊತ್ತಾಯಿತು. ಇಲ್ಲಿನ ಕಾಲೇಜಿನ ಕೆಲಸ, ಅದರ ಸಂಬಳ, ಬೆಂಗಳೂರಿನ ಕೆಲಸ, ಅದರ ಸಂಬಳ, ಅಣ್ಣ ಏನಂದ, ವೈನಿ ಏನಂದರು, ಇದೆಲ್ಲ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅದನ್ನು ಬಿಡುತ್ತೇನೆ.

ಎರಡನೇ ಹಾಳೆಯ ಕೊನೆಗೆ ಒಂದು ಸಾಲು ಬರೆದಿದ್ದೀಯ. "ಕಾಕಾ, ಎಲ್ಲಾ ಸರಿ, ಆದರೆ ವಾಪಸ್ ಬಂದರೆ ನಾನು ಸಣ್ಣವಳಾಗಿ ಬಿಡ್ತೀನೇನೋ ಅಂತ ಹೆದರಿಕೆ ಆಗ್ತದೆ." ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿಕೊಂಡು ಮತ್ತೆ ಓದಿದೆ. "ಊರು ಸಣ್ಣದು" ಅಂದಿದ್ದರೆ ನಿನ್ನ ಜೊತೆ ಜಗಳ ಆಡಬಹುದಿತ್ತು. ಆ ಜಗಳ ನನಗೆ ರೂಢಿ ಇದೆ. ನೀನು ಅಂದದ್ದು ಸಣ್ಣವಳು ಅಂತ.

ನಿಜ ಹೇಳಲೇ, ಮೊದಲು ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಉತ್ತರ ಬರೆದೆ, ಆಮೇಲೆ ಹರಿದು ಹಾಕಿದೆ. ಅದರಲ್ಲಿ ಏನಿತ್ತು ಅಂತ ನೀನು ಊಹಿಸಬಲ್ಲೆ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು. ಮುಂಬೈ ಸರ್ಕಾರದ ಕೆಳಗೆ ಮರಾಠಿ ಜೋರಾಗಿದ್ದ ಕಾಲದಲ್ಲಿ ಕನ್ನಡಕ್ಕೆ ಇಲ್ಲೊಂದು ಮನೆ ಆಗಿದ್ದು. ಸುಭಾಸ ರೋಡಿನ ಮನೋಹರ ಗ್ರಂಥಮಾಲೆಯ ಅಟ್ಟ, 1933ರಿಂದ ನಡೆದು ಬಂದ ಪ್ರಕಾಶನ. ಕಲ್ಲು ಎಸೆದರೆ ಕವಿಯ ಮನೆ ಮೇಲೇ ಬೀಳುತ್ತದೆ ಅನ್ನುವ ಹಳೇ ಮಾತು. (ಎಸೆದವನೂ ಕವಿಯೇ ಆಗಿರುತ್ತಾನೆ ಅನ್ನುವುದು ನಾನು ಸೇರಿಸಿದ್ದು.) ಪೇಡೆ, ಮಳೆ, ನವಲೂರಿನ ಪೇರಲ, ಬೇಂದ್ರೆಯವರ ಸಾಧನಕೇರಿ. ಒಂದೂವರೆ ಹಾಳೆ ತುಂಬಿಸಿದೆ. ಆಮೇಲೆ ಓದಿ ನೋಡಿದರೆ ಊರು ಎಷ್ಟು ದೊಡ್ಡದು ಅಂತ ಬರೆದಿದ್ದೆ. ನೀನು ಕೇಳಿದ್ದು ಅದಲ್ಲ.

ಆ ಸಾಲು ನನಗೆ ಯಾಕೆ ಅಷ್ಟು ಚುಚ್ಚಿತು ಅಂದರೆ, ಆ ಹೆದರಿಕೆ ನನ್ನದೂ ಹೌದು ತಂಗಿ. ನಲವತ್ತು ವರ್ಷಕ್ಕಿಂತ ಜಾಸ್ತಿ ಆಯಿತು ಅದನ್ನು ಇಟ್ಟುಕೊಂಡು. ನಿನ್ನಷ್ಟು ಚೊಕ್ಕವಾಗಿ ಒಂದೇ ಸಾಲಿನಲ್ಲಿ ಹೇಳಲು ಬರಲಿಲ್ಲ, ಅಷ್ಟೇ.

ಬ್ಯಾಂಕಿನಲ್ಲಿ ನಾನು ಮೂರು ಸಲ ಪ್ರಮೋಷನ್ ಬೇಡ ಅಂತ ಬರೆದುಕೊಟ್ಟಿದ್ದು ನಿನಗೆ ಗೊತ್ತು. ನಮ್ಮ ಮನೆಯಲ್ಲಿ ಅದನ್ನು ಬೇರೆ ಥರ ಹೇಳುತ್ತಾರೆ. ಅವ್ವನ ಸಲುವಾಗಿ ಉಳಿದ, ಊರಿನ ಮೇಲೆ ಪ್ರೀತಿ ಅಂತ. ಆಗ ಆಫೀಸರ್ ಆದರೆ ವರ್ಗ ಖಾತ್ರಿ. ನಾಗಪುರವೋ, ಮುಂಬೈಯೋ, ಗುಜರಾತಿನ ಯಾವುದೋ ಮೂಲೆಯೋ. ಗುಮಾಸ್ತನಾಗೇ ಇದ್ದರೆ ಮಾಳಮಡ್ಡಿಯಿಂದ ಸೈಕಲ್ ಮೇಲೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದಿತ್ತು. ನಾನೊಬ್ಬನೇ ಅಲ್ಲ, ನಮ್ಮ ಶಾಖೆಯಲ್ಲಿ ಹೀಗೆ ಬರೆದುಕೊಟ್ಟವರು ಇನ್ನೂ ನಾಲ್ವರಿದ್ದರು. ನಾವು ಐವರೂ ಅದನ್ನು ಒಂದು ದೊಡ್ಡಸ್ತಿಕೆ ಅಂತಲೇ ತಿಳಿದಿದ್ದೆವು.

ಅದಕ್ಕೂ ಮೊದಲು ಒಂದು ಸಲ ಟ್ರೇನಿಂಗಿಗೆ ಹದಿನೈದು ದಿನ ಮುಂಬೈಗೆ ಹೋಗಿದ್ದೆ. ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಮೊದಲ ದಿನ ಎಲ್ಲರೂ ಎದ್ದು ನಿಂತು ಹೆಸರು, ಊರು ಹೇಳಬೇಕಿತ್ತು. ನಾನು ಧಾರವಾಡ ಅಂದೆ. ಹಿಂದಿನಿಂದ ಒಬ್ಬ, "ಪೇಡೆ ತಂದಿದ್ದೀರಾ?" ಅಂದ. ಎಲ್ಲರೂ ನಕ್ಕರು. ನಾನು ನಿಜವಾಗಲೂ ತಂದಿದ್ದೆ, ಎರಡು ಕಿಲೋ. ಮಧ್ಯಾಹ್ನದ ಚಹಾದ ಹೊತ್ತಿಗೆ ಡಬ್ಬಿ ಖಾಲಿ ಆಯಿತು. ಆಮೇಲೆ ಹದಿನಾಲ್ಕು ದಿನ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಮಾತಾಡಲು ಹೋದರೆ ನಾಲಿಗೆ ತೊಡರುತ್ತಿತ್ತು. ದಾದರ್ ಸ್ಟೇಷನ್ನಿನಲ್ಲಿ ಜನರ ಮಧ್ಯೆ ಸಿಕ್ಕಿ ಎರಡು ಲೋಕಲ್ ಬಿಟ್ಟೆ, ಮೂರನೆಯದೂ ಹತ್ತಲಾಗಲಿಲ್ಲ.

ನಾನು ಸಣ್ಣವನಾದದ್ದು ಅಲ್ಲಿ ಅಂತ ಬಹಳ ವರ್ಷ ತಿಳಿದಿದ್ದೆ. ಈಗ ಹಾಗನಿಸುವುದಿಲ್ಲ. ಊರಿಗೆ ಬಂದು ಕಟ್ಟೆಯ ಮೇಲೆ ಕೂತು, "ಮುಂಬೈ ಏನೂ ಉಪಯೋಗ ಇಲ್ಲ ಬಿಡ್ರೋ, ಮನಷ್ಯಾ ಇರೂ ಊರೇ ಅಲ್ಲದು" ಅಂದೆನಲ್ಲ, ಅವತ್ತು. ಎಲ್ಲರೂ ಹೌದು ಹೌದು ಅಂದರು. ಅವರಲ್ಲಿ ಇಬ್ಬರು ಮುಂಬೈ ನೋಡಿಯೇ ಇರಲಿಲ್ಲ.

ಅಂದ ಹಾಗೆ ಪೇಡೆಯ ವಿಷಯ. ನಾವು ಎದೆ ತಟ್ಟಿಕೊಂಡು ನಮ್ಮದು ಅನ್ನುವ ಆ ಪೇಡೆ ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ ಮನೆತನದವರು ತಂದದ್ದು. ಲೈನ್ ಬಜಾರಿನಲ್ಲಿ ಅವರ ಅಂಗಡಿ ಮುಂದೆ ಇವತ್ತಿಗೂ ಪಾಳಿ ಹಚ್ಚುತ್ತೇವಲ್ಲ. ಅವರು ಊರು ಬಿಟ್ಟು ಬಂದರು, ನಾವು ಅದನ್ನು ತಿಂದು ಊರು ಬಿಡಬಾರದು ಅಂತ ಉಪದೇಶ ಮಾಡಿದೆವು! ಹಾಲು ಮಾತ್ರ ನಮ್ಮ ಎಮ್ಮೆಯದು. ಧಾರವಾಡಿ ಎಮ್ಮೆ ಒಂದು ಪ್ರತ್ಯೇಕ ತಳಿ ಅಂತ 2021ರಲ್ಲಿ ದೇಶಮಟ್ಟದ ನೋಂದಣಿ ಆಯಿತು. ನಿನ್ನ ಕಾಕೂ ಪೇಪರ್ ಓದಿ, "ನೋಡ್ರಿ, ಎಮ್ಮಿಗೂ ಪ್ರಮೋಷನ್ ಆತು" ಅಂದಳು.

ಮತ್ತೆ ನಿನ್ನ ಸಾಲಿಗೆ ಬರುತ್ತೇನೆ. ನಿನಗೆ ಗೊತ್ತಾ, ಈ ಊರಿಗೂ ಅದೇ ಹೆದರಿಕೆ. 1962ರಲ್ಲಿ ಹುಬ್ಬಳ್ಳಿ ಧಾರವಾಡ ಸೇರಿಸಿ ಒಂದೇ ಪಾಲಿಕೆ ಮಾಡಿದರಲ್ಲ, ಅಂದಿನಿಂದ ನಮ್ಮವರು ಹುಬ್ಬಳ್ಳಿಯ ಮುಂದೆ ಸಣ್ಣವರಾದೆವು ಅಂತ ಗೊಣಗುತ್ತಲೇ ಇದ್ದಾರೆ. ಮಧ್ಯೆ ಇರುವುದು ಬರೀ ಇಪ್ಪತ್ತು ಕಿಲೋಮೀಟರ್. ಈಗ ಎರಡೂ ಊರಿನ ಮಧ್ಯೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸು ಬೇರೆ ಬಂದಿದೆ. ಆದರೂ ಹುಬ್ಬಳ್ಳಿಯವನಿಗೆ ನಾವು ಪೆನ್ಶನ್ ತಗೊಳ್ಳುವವರ ಊರು, ನಮಗೆ ಅವನದು ಬರೀ ವ್ಯಾಪಾರದ ಊರು. 2008ರಲ್ಲಿ ಹೈಕೋರ್ಟ್ ಪೀಠ ಬಂದಾಗ "ಇನ್ನ ನಮ್ಮೂರು ದೊಡ್ಡದಾತು" ಅಂದೆವು. 2016ರಲ್ಲಿ ಐಐಟಿ ಬಂದಾಗಲೂ ಅದೇ ಮಾತು. 2025ರ ಶುರುವಿನಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿದ ದಿನ ಪಕ್ಕದ ಮನೆಯ ಮಾಸ್ತರರು ಪೇಡೆ ಹಂಚಿದರು. ಅವರಿಗೆ ಸಕ್ಕರೆ ಕಾಯಿಲೆ. ತಾವೂ ಎರಡು ತಿಂದರು.

ಒಂದು ವಿಷಯ ಮಾತ್ರ ನನಗೆ ನಿಜಕ್ಕೂ ಇಷ್ಟ. ನಾನು ಓದಿದ ಕರ್ನಾಟಕ ಕಾಲೇಜಿನ ಆ ದೊಡ್ಡ ಕಲ್ಲಿನ ಕಟ್ಟಡ ಇದೆಯಲ್ಲ, ಅದು ಕಾಲೇಜಿಗೆ ಅಂತ ಕಟ್ಟಿದ್ದಲ್ಲ. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಅದು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಆಗಿನ ಜನರೂ ಅಂದಿರಬೇಕು, ಮುಗೀತು, ಊರು ಸಣ್ಣದಾಯಿತು ಅಂತ. 1917ರಲ್ಲಿ ಶುರುವಾದ ಕಾಲೇಜಿಗೆ ಆ ಕಟ್ಟಡ ಸಿಕ್ಕಿತು. ಪಾಠ ಕೇಳದೆ ಕಿಟಕಿಯಿಂದ ಹೊರಗೆ ನೋಡುತ್ತ, ಇಲ್ಲಿ ಕೂತ ಗುಮಾಸ್ತರು ಯಾವ ಯಾವ ಊರಿನ ರೈಲಿನ ಲೆಕ್ಕ ಬರೆದಿರಬಹುದು ಅಂತ ಯೋಚಿಸುತ್ತಿದ್ದೆ. ನಾನೂ ಗುಮಾಸ್ತನಾಗುತ್ತೇನೆ ಅಂತ ಆಗ ಗೊತ್ತಿರಲಿಲ್ಲ.

ಹರಿದ ಪತ್ರದಲ್ಲಿ ಮನಸೂರರನ್ನೂ ಎಳೆದು ತಂದಿದ್ದೆ. ಮಲ್ಲಿಕಾರ್ಜುನ ಮನಸೂರರು ಇಲ್ಲೇ ಮನೆ ಮಾಡಿಕೊಂಡು ಇದ್ದೂ ದೇಶವೆಲ್ಲ ಕೇಳುವ ಹಾಗೆ ಹಾಡಿದರು, ಸಣ್ಣವರಾದರೇನು ಅಂತ. ಆದರೆ ಅವರೂ ಕಲಿಯಲು ಮುಂಬೈಗೆ ಹೋದವರೇ. ಭೀಮಸೇನ ಜೋಶಿಯವರು ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಓಡಿದರು, ಕೊನೆಗೆ ಪುಣೆಯವರಾದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಬೇಂದ್ರೆಯವರೇ ವರ್ಷಗಟ್ಟಲೆ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಮಾಡಿದರು. ಕಾರ್ನಾಡರು ಆಕ್ಸ್‌ಫರ್ಡಿಗೆ ಹೋದರು, ಅವರ ನಾಟಕಗಳು ಮಾತ್ರ ಅಚ್ಚಾಗಲು ಗ್ರಂಥಮಾಲೆಯ ಅಟ್ಟಕ್ಕೇ ಬಂದವು. ಹೋದವರೂ ಇದ್ದಾರೆ, ಉಳಿದವರೂ ಇದ್ದಾರೆ, ಹೋಗಿ ಬಂದವರೂ ಇದ್ದಾರೆ. ಇದರಿಂದ ನಿನಗೆ ಏನು ಹೇಳಲಿ? ಅವರ ಮಾತು ಬೇರೆ. ನಾವು ಬ್ಯಾಂಕಿಗೆ, ಕಾಲೇಜಿಗೆ ಹೋಗಿ ಬರುವ ಜನ.

ನೀನು ಹೆದರುವುದು ಯಾವುದಕ್ಕೆ ಅಂತ ನನಗೆ ಸ್ವಲ್ಪ ಗೊತ್ತು ಅನಿಸುತ್ತದೆ. ಇಲ್ಲಿ ಕಿರಾಣಿ ಅಂಗಡಿಗೆ ಹೋದರೂ "ಯಾರ ಪೈಕಿ ನೀವು?" ಅಂತ ಕೇಳುತ್ತಾರೆ. ನೀನು ಎಷ್ಟು ಓದಿದ್ದರೂ ಇಂಥವರ ಮೊಮ್ಮಗಳು, ಇಂಥವರ ಮಗಳು. ರಾತ್ರಿ ಎಂಟಕ್ಕೆ ಗಾಂಧಿನಗರದ ಕಡೆ ಯಾರ ಜೊತೆ ಅಡ್ಡಾಡಿದೆ ಅನ್ನುವುದು ಒಂಬತ್ತಕ್ಕೆ ಮಾಳಮಡ್ಡಿಗೆ ಬಂದಿರುತ್ತದೆ. ನನ್ನಂಥವನಿಗೆ ಅದು ಹೊದ್ದುಕೊಂಡ ಕೌದಿ. ನಿನಗೆ ಉಸಿರು ಕಟ್ಟಬಹುದು. ಇಲ್ಲ ಅಂತ ನಾನು ಸುಳ್ಳು ಹೇಳಲಾರೆ.

ಸಲಹೆ ಕೊಡು ಅಂತ ಕೇಳಿದ್ದೀಯ. ಆ ವಿಷಯದಲ್ಲಿ ನನ್ನ ಕೈಗುಣ ಚೆನ್ನಾಗಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬ ನಮ್ಮ ಶಾಖೆಯಲ್ಲಿದ್ದ. ಬಹಳ ಚುರುಕು. ಅವನಿಗೆ ಅಹಮದಾಬಾದಿಗೆ ಪ್ರಮೋಷನ್ ಬಂತು. ನನ್ನ ಟೇಬಲ್ಲಿಗೆ ಬಂದು ಏನು ಮಾಡಲಿ ಅಂತ ಕೇಳಿದ. "ಯಾಕ ಹೋಗ್ತೀಯೋ? ಇಲ್ಲಿ ಏನು ಕಡಿಮಿ ಆಗೇದ ನಿನಗ?" ಅಂದೆ. ಅವನು ಉಳಿದ. ಹೋದ ವರ್ಷ ಕೆಲಗೇರಿ ಕೆರೆ ದಂಡೆಯಲ್ಲಿ ಬೆಳಗಿನ ವಾಕಿಂಗಿಗೆ ಸಿಕ್ಕ. ನಗುತ್ತಲೇ, "ನೀವು ಹೇಳಿದ್ರಿ ಅಂತ ಉಳಿದ್ನಿ ನೋಡ್ರಿ ಸರ" ಅಂದ. ಅದು ಉಪಕಾರದ ಮಾತೋ, ದೂರೋ ಗೊತ್ತಾಗಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಅಂದಿನಿಂದ ಆ ಕೆರೆ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ಕಾಕೂಗೆ ಮೊಣಕಾಲು ನೋವು ಅಂತ ಹೇಳಿದ್ದೇನೆ.

ಅವನು ಹೋಗಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಹಾಗೆ ಹೇಳಿದೆ. ಇಷ್ಟು ವರ್ಷಕ್ಕೆ ಈ ಮಾತನ್ನು ಮೊದಲ ಸಲ ಬರೆಯುತ್ತಿದ್ದೇನೆ, ಅದೂ ನಿನಗೆ.

ಹಾಗಾಗಿ ಬಾ ಅಂತಲೂ ಹೇಳಲಾರೆ, ಬರಬೇಡ ಅಂತಲೂ ಹೇಳಲಾರೆ. ನೀನು ಬಂದರೆ ನಮಗೆ ಖುಷಿ. ಆ ಖುಷಿಯನ್ನು ಲೆಕ್ಕಕ್ಕೆ ಹಿಡಿಯಬೇಡ. ಅವ್ವನ ಹೆಸರು ಹೇಳಿ ನಾನು ಉಳಿದೆ, ಪಾಪ ಅವ್ವ ಒಂದು ಸಲವೂ ಹೋಗಬೇಡ ಅಂದಿರಲಿಲ್ಲ. "ಹೋಗಿ ನೋಡಿ ಬಾರೋ" ಅಂತಲೇ ಅಂದಿದ್ದಳು. ಅದು ಯಾರಿಗೂ ಗೊತ್ತಿಲ್ಲ.

ಸಣ್ಣಪುಟ್ಟ ಮಾತು ಬೇಕಾದರೆ ಹೇಳುತ್ತೇನೆ, ಬೇಡವಾದರೆ ಬಿಟ್ಟುಬಿಡು. ಆರ್ಡರ್ ಕೈಗೆ ಬರುವ ತನಕ ಅಲ್ಲಿ ರಾಜೀನಾಮೆ ಕೊಡಬೇಡ. ಬರುವುದೇ ಆದರೆ ಸ್ಕೂಟರ್ ತಗೊಂಡು ಬಾ, ಆಟೋದವರ ಕೈಗೆ ಸಿಕ್ಕಿಹಾಕಿಕೊಳ್ಳಬೇಡ. ಇನ್ನೊಂದು, ಇದನ್ನು ಕಾಕೂ ಓದಬಾರದು: ನಮ್ಮ ಮನೆಯಲ್ಲಿ ಜಾಸ್ತಿ ದಿನ ಇರಬೇಡ. ಅಂದರೆ ಇರು, ಒಂದೆರಡು ತಿಂಗಳು ಇರು, ಮೇಲಿನ ಕೋಣೆ ಖಾಲಿಯೇ ಇದೆ. ಆಮೇಲೆ ಬೇರೆ ಮನೆ ಮಾಡು. ಇಲ್ಲಿದ್ದರೆ ನಿನ್ನನ್ನು ನೋಡಲು ಬರುವವರು ಮೊದಲು ನನ್ನ ಜೊತೆ ಅರ್ಧ ಗಂಟೆ ಮಾತಾಡಬೇಕಾಗುತ್ತದೆ. ಮತ್ತೆ, ಎರಡು ವರ್ಷ ಆದ ಮೇಲೆ ಬೇಜಾರು ಅನಿಸಿದರೆ ಯಾರನ್ನೂ ಕೇಳದೆ ಹೋಗಿಬಿಡು. ಹಾಗೆ ಹೋದವರ ಬಗ್ಗೆ ಕಟ್ಟೆಯ ಮೇಲೆ ಮಾತು ಬಂದರೆ ನಾನು ನೋಡಿಕೊಳ್ಳುತ್ತೇನೆ. ಕಟ್ಟೆಯಲ್ಲಿ ಈಗ ನಾವು ಮೂವರೇ ಉಳಿದಿದ್ದೇವೆ.

ಬಂದ ಮೇಲೆ ಒಂದು ದಿನ "ಬೆಂಗಳೂರು ಭಾಳ ಕೆಟ್ಟ ಊರು" ಅಂತ ನಿನ್ನ ಬಾಯಿಯಿಂದ ಬಂದರೆ ಮಾತ್ರ ನನಗೆ ಫೋನ್ ಮಾಡು. ಅದಕ್ಕೆ ನಾನು ಹೆದರುತ್ತೇನೆ, ಬೇರೆ ಯಾವುದಕ್ಕೂ ಅಲ್ಲ.

ಇನ್ನೂ ಬರೆಯಬೇಕು ಅಂತಿತ್ತು. ಇವತ್ತು ನೀರು ಬರುವ ದಿನ, ಬೆಳಗಿನಿಂದ ಕಾಯುತ್ತಿದ್ದೇನೆ. ನಳ ಈಗ ಸುಂಯ್ ಅನ್ನುತ್ತಿದೆ, ಮೊದಲು ಗಾಳಿ ಬರುತ್ತದಲ್ಲ, ಹಾಗೆ. ಕಾಕೂ ಒಳಗಿನಿಂದ ಕೂಗುತ್ತಿದ್ದಾಳೆ. ಬೇರೆ ಮನೆ ನೋಡುವಾಗ ನೀರಿನ ಟಾಕಿ ದೊಡ್ಡದಿದೆಯಾ ಅಂತ ಮೊದಲು ಕೇಳು.

ನಿನ್ನ ಕಾಕಾ

ತಾ.ಕ.: ಪಕ್ಕದ ಮನೆಯ ಹುಡುಗ ಶನಿವಾರ ಬೆಂಗಳೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಅರ್ಧ ಕಿಲೋ ಪೇಡೆ ಕಳಿಸುತ್ತೇನೆ. ಆಫೀಸಿಗೆ ಒಯ್ಯಬೇಡ, ನೀನೇ ತಿನ್ನು.