ಬ್ಯಾಡಗಿಗೆ ಒಂದು ಕೋಬಾಲ್ಟ್ ಘಟಕ ಕೊಡಿಸಿ: ಹಾವೇರಿ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಗುರುತು, ಸಿಕ್ಕಿತು. ಸಂತೋಷ. ಆದರೆ ಖಾರದಪುಡಿ ಮಾಡಿ ಹೊರಗೆ ಕಳಿಸುವ ನಮ್ಮಂಥ ಸಣ್ಣವರ ತಲೆನೋವೇ ಬೇರೆ. ಬಯಲಲ್ಲಿ ಒಣಗಿದ ಕಾಯಿಯ ಜೊತೆ ಮಣ್ಣು, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಬರುತ್ತವೆ, ಲ್ಯಾಬ್ ರಿಪೋರ್ಟಿನಲ್ಲಿ ಅದು ಜಾಸ್ತಿ ಕಂಡರೆ ಮಾಲು ವಾಪಸ್. ಹಬೆ ಹಾಯಿಸಿದರೆ ಬಣ್ಣ ಕುಂದುತ್ತದೆ, ಬ್ಯಾಡಗಿಗೆ ರೇಟು ಸಿಗೋದೇ ಆ ಕೆಂಪಿಗೆ ಅಲ್ವಾ? ಎಥಿಲೀನ್ ಆಕ್ಸೈಡ್ ಅನಿಲ ಬಳಸೋಣವೆಂದರೆ ಯುರೋಪಿನಲ್ಲಿ ಆಹಾರಕ್ಕೆ ಅದು ನಿಷೇಧ.

ಉಳಿದದ್ದು ಈ ಬ್ಯಾಕ್ಟೀರಿಯಾ, ಬೂಷ್ಟನ್ನು ಕೊಲ್ಲುವ ಗಾಮಾ ಕಿರಣ, ಅದಕ್ಕೆ ಬೇಕಾದದ್ದು ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ. ಇದು ಗಣಿಯಲ್ಲಿ ಸಿಗುವುದಿಲ್ಲ. ಸಾದಾ ಕೋಬಾಲ್ಟ್-59 ಅನ್ನು ಅಣು ರಿಯಾಕ್ಟರ್ ಒಳಗೆ ಇಟ್ಟರೆ ನ್ಯೂಟ್ರಾನ್ ನುಂಗಿ 60 ಆಗುತ್ತದೆ. 1930ರ ದಶಕದ ಕೊನೆಗೆ ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿಗಳಾದ ಸೀಬೋರ್ಗ್ ಮತ್ತು ಲಿವಿಂಗುಡ್ ಇದನ್ನು ಕಂಡುಹಿಡಿದರು. 1951ರಿಂದ ಕ್ಯಾನ್ಸರ್ ಚಿಕಿತ್ಸೆಗೂ ಬಂತು. ಇದರ ಅರ್ಧಾಯುಷ್ಯ (ಶಕ್ತಿ ಅರ್ಧಕ್ಕಿಳಿಯುವ ಅವಧಿ) 5.27 ವರ್ಷ, ಅಂದರೆ ಶಕ್ತಿ ವರ್ಷಕ್ಕೆ ಸುಮಾರು ಶೇ. 12ರಷ್ಟು ಇಳಿಯುತ್ತದೆ, ಆಗಾಗ ಹೊಸದು ಸೇರಿಸಬೇಕು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಉದ್ಘಾಟನೆ ಆದಮೇಲೆ ಅಲ್ಲ.

ಘಟಕದಲ್ಲಿ ಕೋಬಾಲ್ಟ್ ಸರಳುಗಳು ಆಳದ ನೀರಿನ ತೊಟ್ಟಿಯಲ್ಲಿ ಇರುತ್ತವೆ. ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಿಂದ ಜನ ಹೊರಬಂದ ಮೇಲಷ್ಟೇ ಮೇಲೇಳುತ್ತವೆ, ಪ್ಯಾಕ್ ಮಾಡಿದ ಪೆಟ್ಟಿಗೆಗಳು ಪಕ್ಕದಲ್ಲೇ ಸಾಗುತ್ತವೆ, ಸೀಲ್ ಒಡೆಯುವ ಕೆಲಸವೇ ಇಲ್ಲ. ಖಾರದಪುಡಿ ವಿಕಿರಣಶೀಲ ಆಗುತ್ತದಾ? ಆಗುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡವನ ಮೈಯಲ್ಲಿ ಎಕ್ಸ್‌ರೇ ಉಳಿಯುತ್ತದಾ ಹೇಳಿ! ಆದರೆ ‘ವಿಕಿರಣ’ ಅಂದ ಕೂಡಲೇ ವಾಟ್ಸಾಪ್‌ನಲ್ಲಿ ಏನೇನು ಹರಿದಾಡುತ್ತದೆ ಅಂತ ನಿಮಗೂ ಗೊತ್ತು. ಅದಕ್ಕೇ ಅಡಿಗಲ್ಲಿಗೆ ಮೊದಲು ಎಪಿಎಂಸಿ ಅಂಗಳದಲ್ಲಿ ವಿಜ್ಞಾನಿಗಳನ್ನು ಕೂರಿಸಿ, ರೈತರು, ಹಮಾಲರು ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಡಿಸಿ.

ಇದೇನು ಹೊಸದಲ್ಲ. ಮಸಾಲೆ, ಈರುಳ್ಳಿಗೆ ಈ ಕಿರಣ ಹಾಯಿಸಲು ನಮ್ಮ ದೇಶದಲ್ಲಿ 1994ರಲ್ಲೇ ಒಪ್ಪಿಗೆ ಸಿಕ್ಕಿದೆ. ಮಸಾಲೆಗೆ ನವಿ ಮುಂಬೈನ ವಾಶಿಯಲ್ಲಿ, ಈರುಳ್ಳಿಗೆ ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನಲ್ಲಿ ಘಟಕಗಳಿವೆ. ಹಾಗಂತ ಕೋಬಾಲ್ಟ್ ಎಲ್ಲದಕ್ಕೂ ಮದ್ದಲ್ಲ. ಕೀಟನಾಶಕದ ಉಳಿಕೆ ಹೋಗುವುದಿಲ್ಲ, ಬೂಷ್ಟು ಆಗಲೇ ಬಿಟ್ಟ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಒಳ್ಳೆಯ ಒಣಗಿಸುವ ಕಟ್ಟೆಗಳು ಬೇಕೇ ಬೇಕು.

ಇನ್ನೊಂದು ಮಾತು. ಮಸಾಲೆಗೆ 6ರಿಂದ 14 ಕಿಲೋಗ್ರೇ (ಮಾಲು ಹೀರುವ ವಿಕಿರಣದ ಅಳತೆ) ಬೇಕು, ಈರುಳ್ಳಿ ಮೊಳಕೆ ತಡೆಯಲು 0.2 ದಾಟಬೇಕಿಲ್ಲ. ಗದಗ, ಹುಬ್ಬಳ್ಳಿಯ ಈರುಳ್ಳಿಯನ್ನೂ ಇಲ್ಲಿಗೇ ತರುವುದಾದರೆ ಯಂತ್ರದ ವಿನ್ಯಾಸದಲ್ಲೇ ಅದು ತೀರ್ಮಾನವಾಗಬೇಕು. ಅಣುಶಕ್ತಿ ಇಲಾಖೆ ಕೇಂದ್ರದ್ದು, ಹಾಗಾಗಿ ಶಾಸಕರನ್ನು ಬಿಟ್ಟು ನಿಮಗೇ ಬರೆದೆ. ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ. ಹಂಗಾಮಿನಲ್ಲಿ ಎಷ್ಟು ಮಾಲು ಬರುತ್ತದೆ ಅನ್ನೋ ಲೆಕ್ಕವನ್ನು ವರ್ತಕರನ್ನು ಕೂಡಿಸಿಕೊಂಡು ನಾವೇ ತಯಾರು ಮಾಡಿ ಕೊಡುತ್ತೇವೆ.

ಇಂತಿ,
ಬ್ಯಾಡಗಿಯ ಒಬ್ಬ ಖಾರದಪುಡಿ ವ್ಯಾಪಾರಿ