ಹೊಳವು (ಮಳೆಯ ಬಿಡುವು) ಯಾವಾಗ ಎಂದು ತಿಳಿಸುವವರು ಬೇಕು: ಉಡುಪಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕರಾವಳಿಯ ವಿಶ್ವವಿದ್ಯಾಲಯಗಳು ಒಟ್ಟು ಸೇರಿ ಕೃಷಿಕರಿಗೆ ಹವಾಮಾನದ ಮಾಹಿತಿ ಕೊಡುವ ಕಾಯಂ ವ್ಯವಸ್ಥೆಯೊಂದನ್ನು ತಾವು ಮುಂದೆ ನಿಂತು ಮಾಡಿಸಬೇಕೆಂದು ಕಾರ್ಕಳ ತಾಲೂಕಿನ ಅಡಿಕೆ ಬೆಳೆಗಾರನಾಗಿ ಕೇಳಿಕೊಳ್ಳುತ್ತಿದ್ದೇನೆ.

ಮುಂಗಾರು ಕೇರಳ ಮುಟ್ಟಿದ್ದು 2023ರಲ್ಲಿ ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ. ಈ ಎರಡು ವಾರದ ಹೆಚ್ಚುಕಡಿಮೆ ತೋಟದಲ್ಲಿ ದೊಡ್ಡದು. ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗ ಬಾರದಿರಲು ಮಳೆ ಹಿಡಿಯುವ ಮೊದಲೊಮ್ಮೆ, ಅದಾಗಿ 40–45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಬಿಡಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕಲಸಿ ಕೂಡಿಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ, ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಮಾಡಿದ ಮದ್ದನ್ನು ಅಂದೇ ಮುಗಿಸಬೇಕು, ಮದ್ದು ಬಿಡುವವರಿಗೆ ತುಂಬಾ ಮೊದಲೇ ಹೇಳಿಡಬೇಕು, ಬಿಟ್ಟ ಮದ್ದು ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಹೊಯ್ದರೆ ಮದ್ದೂ ಕೂಲಿಯೂ ತೊಳೆದುಹೋಗುತ್ತವೆ. ಆದ್ದರಿಂದ ಜಿಲ್ಲೆಯಲ್ಲಿ ವ್ಯಾಪಕ ಮಳೆ ಎಂಬ ಸುದ್ದಿಗಿಂತ ನಮ್ಮೂರಲ್ಲಿ ಎರಡು ದಿನದ ಹೊಳವು ಸಿಗುತ್ತದೆಯೇ ಎಂಬ ಮಾಹಿತಿಯೇ ನಮಗೆ ಮುಖ್ಯ.

ಹವಾಮಾನ ಇಲಾಖೆ ಪಂಚಾಯತ್ ಮಟ್ಟದ ಮುನ್ಸೂಚನೆಯನ್ನು 2024ರ ಅಕ್ಟೋಬರಿನಿಂದ ಕೊಡುತ್ತಿದೆ, ಅದು ಒಳ್ಳೆಯ ಕೆಲಸ. ಆದರೆ ಘಟ್ಟದ ಬುಡದ ಮಳೆಯೇ ಬೇರೆ, ಕಡಲ ಬದಿಯ ಮಳೆಯೇ ಬೇರೆ. ಮುನ್ಸೂಚನೆ ಎಲ್ಲಿ ಸರಿಹೋಯಿತು, ಎಲ್ಲಿ ತಪ್ಪಿತು ಎಂದು ಊರೂರಿನ ಹಳೆಯ ಮಳೆ ಲೆಕ್ಕದೊಂದಿಗೆ ತಾಳೆ ನೋಡಿ, ಇಂದು ಮದ್ದು ಬಿಡಬಹುದೇ ಎಂದು ಹೇಳಬಲ್ಲವರು ಇಲ್ಲಿಯವರೇ ಆಗಬೇಕು. ಅಂಥವರಿಗೆ ನಮ್ಮಲ್ಲಿ ಬರವಿಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲದ ವಿಭಾಗವೇ ಇದೆ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ, ಮಣಿಪಾಲದಲ್ಲಿ ಮಾಹೆ ವಿಶ್ವವಿದ್ಯಾಲಯ ಇವೆ. ಬ್ರಹ್ಮಾವರದ ಸಂಶೋಧನಾ ಕೇಂದ್ರ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಡಿಕೆಯನ್ನು ಬಲ್ಲ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ವಿಟ್ಲದಲ್ಲಿದೆ. ಇವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು ರೈತನ ಹೆಸರಿಗೆ ಒಂದು ಸಲಹೆ ಬರೆಯುವ ಏರ್ಪಾಡು ಬೇಕು.

ಅವಧಿ ಮುಗಿದರೆ ನಿಲ್ಲುವ ಯೋಜನೆಯ ಹಣದಲ್ಲಿ ಇದನ್ನು ನಡೆಸಬೇಡಿ ಎಂಬುದು ನನ್ನ ಮುಖ್ಯ ಬಿನ್ನಹ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ 2018ರಿಂದ ಶುರುವಾದ ಜಿಲ್ಲಾ ಕೃಷಿ ಹವಾಮಾನ ಘಟಕಗಳು ದೇಶದಲ್ಲಿ ಸುಮಾರು 200 ಇದ್ದವು, 2024ರ ಮಾರ್ಚಿಗೆ ಅವನ್ನು ನಿಲ್ಲಿಸಲಾಯಿತು. ರೈತರು ಒಂದು ಸಲಹೆಯನ್ನು ನಂಬಿ ಅದರಂತೆ ನಡೆಯಲು ಕೆಲವು ಮಳೆಗಾಲ ಬೇಕಾಗುತ್ತದೆ. ನಂಬಿಕೆ ಹುಟ್ಟುವ ಹೊತ್ತಿಗೆ ಕಚೇರಿಯೇ ಇಲ್ಲವಾದರೆ ಮುಂದಿನ ಸಲಹೆಗಾರನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇನ್ನೊಂದು ಸಂಗತಿ ಹವಾಮಾನ ಆಧಾರಿತ ಬೆಳೆ ವಿಮೆಯದು. ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿ ಕಂತು ಕಟ್ಟುತ್ತೇವೆ, ಪರಿಹಾರ ನಿರ್ಧಾರವಾಗುವುದು ಮಳೆಮಾಪಕದಂಥ ಉಪಕರಣಗಳಲ್ಲಿ ದಾಖಲಾದ ಹವಾಮಾನದ ಮೇಲೆ. ಮಾಪಕ ಕೆಟ್ಟು ನಿಂತರೆ ತೋಟದ ನಷ್ಟ ಸರಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಪಂಚಾಯತಿನ ಮಳೆಮಾಪಕಗಳನ್ನು ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು ಮಳೆಗಾಲದಲ್ಲಿ ಆಗಾಗ ಪರೀಕ್ಷಿಸಲಿ. ದಿನದಿನದ ಅಂಕಿಗಳು ಪಂಚಾಯತ್ ಕಚೇರಿಯ ಫಲಕದಲ್ಲಿ ಎಲ್ಲರಿಗೂ ಕಾಣಲಿ.

ಮುಂದಿನ ಮುಂಗಾರಿಗೆ ಮೊದಲೇ, ದಕ್ಷಿಣ ಕನ್ನಡದ ಉಸ್ತುವಾರಿ ಸಚಿವರನ್ನೂ ಜೊತೆಗೆ ಸೇರಿಸಿಕೊಂಡು, ಈ ಸಂಸ್ಥೆಗಳ ಮುಖ್ಯಸ್ಥರ ಸಭೆಯನ್ನು ತಾವು ಕರೆಯಬೇಕು. ಹೊಣೆಯನ್ನು ಬ್ರಹ್ಮಾವರಕ್ಕೆ ವಹಿಸಿ, ಇಬ್ಬರು ಕಾಯಂ ಸಿಬ್ಬಂದಿಗೆ ರಾಜ್ಯದ ಬಜೆಟ್ಟಿನಿಂದಲೇ ಸಂಬಳ ಸಿಗುವಂತೆ ಮಾಡಬೇಕು. ಆ ಸಭೆಗೆ ಅಡಿಕೆ, ಭತ್ತ, ಮಲ್ಲಿಗೆ ಬೆಳೆಯುವ ಕೆಲವರನ್ನೂ ಕರೆಯಿರಿ, ಖಂಡಿತ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಕಳ ತಾಲೂಕಿನ ಒಬ್ಬ ಕೃಷಿಕ